ತಲೆಯೊಂದೇ ನಮ್ಮ ಹೊಲ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಹಾಸ್ಟೆಲುಗಳಲ್ಲಿ ಓದುತ್ತಿರುವ ತಮ್ಮಂದಿರೇ, ತಂಗಿಯರೇ,

ಸಭೆಗಳಲ್ಲಿ ನಾವು ಭೂಮಿಯ ಬಗ್ಗೆ ಮಾತಾಡಿದ್ದೇವೆ. ಸ್ಕಾಲರ್‌ಶಿಪ್ಪಿನ ಬಗ್ಗೆ ಮಾತಾಡಿದ್ದೇವೆ. ಹಾಸ್ಟೆಲಿನ ಸಾರಿನಾಗ ಬ್ಯಾಳಿ ಹುಡುಕಬೇಕು ಅಂತ ಕಚೇರಿಗಳ ಮುಂದೆ ಧರಣಿ ಕುಂತಿದ್ದೇವೆ. ಆದರೆ ಒಂದು ಮಾತನ್ನು ಮಾತ್ರ ನಮ್ಮ ನಮ್ಮೊಳಗೂ ಆಡುವುದಿಲ್ಲ. ಆಡಿದರೆ ಮೇಲಿನವರು ‘ನೋಡ್ರಿ, ಅವರ ಬಾಯಿಂದನ ಬಂತು’ ಅಂದು ನಗುತ್ತಾರೆಂಬ ಅಂಜಿಕೆ. ಆ ಮಾತು ಕುಡಿತದ್ದು. ಈ ಸಲ ಅದನ್ನು ಆಡಿಯೇಬಿಡೋಣ. ಯಾಕಂದರೆ ಬಾಯಿ ಮುಚ್ಚಿಕೊಂಡು ಕುಂತಷ್ಟೂ ಹುಡುಗರು ನಮ್ಮ ಕೈ ಬಿಟ್ಟು ಹೋಗುತ್ತಿದ್ದಾರೆ.

ಮೊದಲೇ ಹೇಳಿಬಿಡುತ್ತೇವೆ: ನಾವು ಪುರಾಣ ಹೇಳುವ ಸ್ವಾಮಿಗಳಲ್ಲ. ಇದನ್ನು ಬರೆಯುತ್ತಿರುವ ನಮ್ಮೊಳಗೂ ಕುಡಿದವರಿದ್ದಾರೆ, ಬಿಟ್ಟವರಿದ್ದಾರೆ, ಬಿಡಲು ಹೆಣಗುತ್ತಿರುವವರಿದ್ದಾರೆ. ನಮ್ಮ ಅಪ್ಪಂದಿರು ಕುಡಿದು ಬಂದ ರಾತ್ರಿಗಳಲ್ಲಿ ಕೌದಿಯೊಳಗೆ ಉಸಿರು ಹಿಡಿದು ಮಲಗಿದವರು ನಾವು. ಆದ್ದರಿಂದ ಪಾಪ ಪುಣ್ಯದ ಲೆಕ್ಕ ಇಲ್ಲಿ ಬೇಡ.

ಒಬ್ಬ ಹುಡುಗನ ಕತೆ ಹೇಳುತ್ತೇವೆ. ಹೆಸರು ಬ್ಯಾಡ, ಊರು ಬ್ಯಾಡ, ಹಾಸ್ಟೆಲಿನ ಹೆಸರೂ ಬ್ಯಾಡ. ನಿಮ್ಮ ಹಾಸ್ಟೆಲಿನಲ್ಲೂ ಅಂಥವನೊಬ್ಬ ಇರುತ್ತಾನೆ. ಎಸ್ಸೆಸ್ಸೆಲ್ಸಿಯಲ್ಲಿ ಕೇರಿಗೇ ಮೊದಲು ಬಂದವ. ಅವ್ವ ಗೋವಿನಜೋಳದ ಹೊಲದಾಗ ಕೂಲಿ, ಅಪ್ಪ ಗೋವಾದಲ್ಲಿ ಗಾರೆ ಕೆಲಸ. ಪಿ.ಯು.ಗೆ ಸೈನ್ಸ್ ತಗೊಂಡ. ಲೆಕ್ಕ ಅಂದರೆ ಅವನಿಗೆ ಜೀವ. ನಮಗೆ ಬಾರದ ಲೆಕ್ಕವನ್ನೆಲ್ಲ ಅವನೇ ಬಿಡಿಸಿಕೊಡುತ್ತಿದ್ದ. ದೀಪಾವಳಿಗೆ ಊರಿಗೆ ಹೋದಾಗ ಹೋರಿ ಹಬ್ಬದ ದಿವಸ ದೊಡ್ಡ ಹುಡುಗರು ಒಂದು ನೈಂಟಿ ಕೈಯಲ್ಲಿಟ್ಟು ‘ಗಂಡಸ ಹೌದಲ್ಲೋ?’ ಅಂದರು. ಅಷ್ಟೇ ಸಾಕಾಯಿತು. ಹಾಸ್ಟೆಲಿಗೆ ಮರಳಿದ ಮೇಲೆ ಶನಿವಾರಕ್ಕೊಮ್ಮೆ ಆಯಿತು. ನೈಂಟಿ ಕ್ವಾರ್ಟರ್ ಆಯಿತು. ಒಂದು ಮುಂಜಾನೆ ಎದ್ದಾಗ ಕಾಲಾಗ ಚಪ್ಪಲಿ ಇಲ್ಲ, ಅಂಗಿ ಹರಿದಿದೆ, ರಾತ್ರಿ ಏನಾಯಿತೆಂಬುದು ಒಂಚೂರೂ ನೆನಪಿಲ್ಲ. ‘ನಿನ್ನಿ ನೀ ಏನ್ ಮಾಡಿದಿ ಗೊತ್ತೈತೇನಲೇ’ ಅಂತ ನಾವೆಲ್ಲ ಇಲ್ಲದ ಕತೆ ಕಟ್ಟಿ ಹೇಳಿ ಹೊಟ್ಟೆ ಹಿಡಕೊಂಡು ನಕ್ಕೆವು. ಆ ನಗು ಇವತ್ತು ನಮ್ಮ ಎದೆಯಲ್ಲಿ ಮುಳ್ಳಾಗಿ ನಿಂತಿದೆ.

ಓದಿದ್ದು ಅವನ ತಲೆಯಲ್ಲಿ ನಿಲ್ಲಲಿಲ್ಲ. ಎರಡನೇ ವರ್ಷ ಫೇಲಾದ. ಹಾಸ್ಟೆಲಿನಿಂದ ಹೊರಗೆ ಹಾಕಿದರು. ಟ್ರಂಕು ಹೊತ್ತು ಹೊರಟಾಗ ಬಸ್‌ಸ್ಟ್ಯಾಂಡಿನ ತನಕ ಹೋಗಲು ನಮ್ಮಲ್ಲಿ ಯಾರೂ ಏಳಲಿಲ್ಲ. ಈಗ ಅಪ್ಪ ಕಲ್ಲು ಇಡುವ ಕಡೆ ಮಗ ಗಾರೆ ಹೊರುತ್ತಿದ್ದಾನೆ.

‘ಹುಡುಗ ಕೆಟ್ಟ’ ಅಂದರು ಎಲ್ಲರೂ. ಅವನ ತಲೆಯೊಳಗೆ ಏನು ಕೆಟ್ಟಿತು ಎಂದು ಯಾರೂ ಕೇಳಲಿಲ್ಲ. ನಾವು ಈಗ ಕೇಳುತ್ತೇವೆ.

ಮಿದುಳು ಎಂಬುದು ಹುಟ್ಟಿದಾಗಲೇ ತಯಾರಾಗಿ ಬಂದ ವಸ್ತುವಲ್ಲ. ಗಾತ್ರದಲ್ಲಿ ಅದು ಹರೆಯಕ್ಕೆ ಮುಂಚೆಯೇ ಹೆಚ್ಚುಕಡಿಮೆ ತುಂಬಿಕೊಳ್ಳುತ್ತದೆ. ಆದರೆ ಒಳಗಿನ ಕಟ್ಟಡ ಸುಮಾರು 25 ವರ್ಷದವರೆಗೂ ನಡೆದೇ ಇರುತ್ತದೆ. ಕೂಲಿ ಮಾಡಿದವರ ಮಕ್ಕಳಿಗೆ ಇದು ಬೇಗ ತಿಳಿಯುತ್ತದೆ. ಹತ್ತಿ ಹೊಲದಲ್ಲಿ ಮೊದಲು ಬೀಜ ದಟ್ಟಾಗಿ ಏಳುತ್ತವೆ. ಆಮೇಲೆ ಹೆಚ್ಚಿನ ಸಸಿ ಕಿತ್ತು, ಕಸ ತೆಗೆದು, ಎಡೆ ಹೊಡೆದು, ನಿಲ್ಲಬೇಕಾದ ಗಿಡಕ್ಕೆ ಜಾಗ ಮಾಡುತ್ತಾರೆ. ಹರೆಯದ ಮಿದುಳಿನಲ್ಲೂ ಹಾಗೇ. ನರಕೋಶಗಳ ನಡುವೆ ದಟ್ಟವಾಗಿ ಬೆಳೆದ ಕೂಡುದಾರಿಗಳಲ್ಲಿ ಬಳಸಿದ್ದು ಗಟ್ಟಿಯಾಗುತ್ತದೆ, ಬಳಸದ್ದು ಕಳಚಿ ಬೀಳುತ್ತದೆ. ಇನ್ನೊಂದು ಕಡೆ, ನರದ ಎಳೆಗಳ ಮೇಲೆ ಕೊಬ್ಬಿನ ಹೊದಿಕೆ ಬೆಳೆಯುತ್ತದೆ. ಕರೆಂಟಿನ ತಂತಿಗೆ ರಬ್ಬರು ಸುತ್ತಿದಂತೆ. ಅದು ಬಂದ ಮೇಲೆಯೇ ಸುದ್ದಿ ಸೋರದೆ, ಜೋರಾಗಿ ಓಡುತ್ತದೆ. ನೀವು ಪಿ.ಯು. ಓದುವಾಗ, ಡಿಗ್ರಿ ಓದುವಾಗ, ನಿಮ್ಮ ತಲೆಯೊಳಗೆ ಈ ಎರಡೂ ಕೆಲಸ ಹಗಲೂ ರಾತ್ರಿ ನಡೆದಿರುತ್ತವೆ.

ಎಲ್ಲಕ್ಕಿಂತ ಕಡೆಗೆ ತಯಾರಾಗುವುದು ಹಣೆಯ ಹಿಂದಿನ ಭಾಗ. ‘ಸ್ವಲ್ಪ ತಡಿ, ಮುಂದಿನದು ನೋಡು’ ಎಂದು ಹೇಳುವುದು ಅದೇ. ಸಿಟ್ಟು ತಡೆಯುವುದು, ಯೋಜನೆ ಹಾಕುವುದು, ನಾಳೆಯ ಪರೀಕ್ಷೆಗಾಗಿ ಇವತ್ತಿನ ಸಿನೆಮಾ ಬಿಡುವುದು ಎಲ್ಲ ಅದರ ಕೆಲಸ. ಆದರೆ ಸುಖ ಬೇಡುವ ಭಾಗ, ಗೆಳೆಯರ ಮುಂದೆ ಮೀಸೆ ತಿರುವಬೇಕೆನ್ನುವ ಭಾಗ ಅದಕ್ಕಿಂತ ಮೊದಲೇ ಬೆಳೆದು ಕುಂತಿರುತ್ತದೆ. ಎತ್ತು ಬಲಿತಿವೆ, ಮೂಗುದಾರ ಇನ್ನೂ ಹೊಸೆಯುತ್ತಿದ್ದಾರೆ. ಇಂಥ ಹೊತ್ತಿಗೆ ಹೆಂಡ ಹೊಯ್ದರೆ ಮೂಗುದಾರ ಹೊಸೆಯುವ ಕೈಯೇ ನಡುಗುತ್ತದೆ.

ಕಿವಿಯ ನೇರಕ್ಕೆ, ಒಳಗೆ ಆಳದಲ್ಲಿ, ಹಿಪೊಕ್ಯಾಂಪಸ್ ಎಂಬ ಇನ್ನೊಂದು ಭಾಗವಿದೆ. ನೋಡಲು ಸಮುದ್ರಕುದುರೆಯ ಹಾಗೆ. ಇವತ್ತು ಓದಿದ್ದನ್ನು ನಾಳೆಗೆ ಉಳಿಯುವ ನೆನಪಾಗಿ ಬರೆದಿಡುವ ಗುಮಾಸ್ತ ಅದು. ಜೋರಾಗಿ ಕುಡಿದಾಗ ಆ ಗುಮಾಸ್ತನ ಪೆನ್ನು ನಿಂತುಬಿಡುತ್ತದೆ. ಮನುಷ್ಯ ನಡೆಯುತ್ತಾನೆ, ಮಾತಾಡುತ್ತಾನೆ, ಜಗಳಾಡುತ್ತಾನೆ, ಆದರೆ ಯಾವುದೂ ದಾಖಲಾಗುವುದಿಲ್ಲ. ನಮ್ಮ ಗೆಳೆಯನ ಆ ರಾತ್ರಿ ಅಳಿಸಿ ಹೋದದ್ದಲ್ಲ, ಬರೆದೇ ಇರಲಿಲ್ಲ. ನಾವು ನಕ್ಕದ್ದು ಒಂದು ಮಿದುಳು ಸ್ವಲ್ಪ ಹೊತ್ತು ಕೆಲಸ ನಿಲ್ಲಿಸಿದ್ದನ್ನು ನೋಡಿ. ಹದಿಹರೆಯದಲ್ಲೇ ಕುಡಿತಕ್ಕೆ ದಾಸರಾದವರ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದಾಗ ಈ ಹಿಪೊಕ್ಯಾಂಪಸ್ಸು ಕುಡಿಯದವರದ್ದಕ್ಕಿಂತ ಸಣ್ಣದಿರುವುದನ್ನು ವಿಜ್ಞಾನಿಗಳು 2000ದಲ್ಲೇ ಪ್ರಕಟಿಸಿದರು. ‘ಮೊದಲೇ ಸಣ್ಣದಿತ್ತೇನೋ’ ಎಂದು ವಾದಿಸಬಹುದು. ಅದಕ್ಕೇ ಅಮೆರಿಕದಲ್ಲಿ 2012ರಿಂದ 12ರಿಂದ 21 ವಯಸ್ಸಿನ 800ಕ್ಕೂ ಹೆಚ್ಚು ಹುಡುಗ ಹುಡುಗಿಯರ ಮಿದುಳನ್ನು ವರ್ಷ ವರ್ಷ ನೋಡುತ್ತ ಬಂದರು. ಅವರಲ್ಲಿ ಹೆಚ್ಚಿನವರು ಆಗ ಕುಡಿತ ಹಿಡಿದಿರಲಿಲ್ಲ. ಮುಂದೆ ಜೋರಾಗಿ ಕುಡಿಯತೊಡಗಿದವರಲ್ಲಿ ಹಣೆಯ ಹಿಂದಿನ ಬೂದು ಭಾಗ ಸಹಜಕ್ಕಿಂತ ಬೇಗ ತೆಳುವಾಗುತ್ತ ಹೋಯಿತು. ಅಂದರೆ ಕಸ ತೆಗೆಯುವ ಕುಡುಗೋಲು ಬೆಳೆಯನ್ನೂ ಕೊಯ್ಯಿತು.

‘ನಾವೇನ ಜೋರ ಕುಡೀತೀವ್ರಿ? ಬರೇ ಒಂದ ಕ್ವಾರ್ಟರ್’ ಎನ್ನುವ ತಮ್ಮನಿಗೆ ಒಂದು ಲೆಕ್ಕ ಹೇಳುತ್ತೇವೆ. ಬಾಟ್ಲಿಯ ಮೇಲೆ 42.8% ಎಂದು ಬರೆದಿರುತ್ತದೆ. 180 ಮಿ.ಲೀ. ಕ್ವಾರ್ಟರಿನಲ್ಲಿ ಶುದ್ಧ ಆಲ್ಕೋಹಾಲು ಸುಮಾರು 77 ಮಿ.ಲೀ. ತೂಕಕ್ಕೆ ಹಾಕಿದರೆ 60 ಗ್ರಾಂ ದಾಟುತ್ತದೆ. ಒಂದು ಸಲ ಕುಂತಾಗ 60 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಹೊಟ್ಟೆಗೆ ಹೋದರೆ ಅದನ್ನು ವಿಶ್ವ ಆರೋಗ್ಯ ಸಂಸ್ಥೆ ‘ಅತಿಕುಡಿತ’ ಎಂದು ಲೆಕ್ಕ ಹಿಡಿಯುತ್ತದೆ. ಅದೂ ಬೆಳೆದ ಮೈಯವರಿಗೆ. 17 ವರ್ಷದ, ರಾತ್ರಿ ಹಾಸ್ಟೆಲಿನ ಎರಡು ರೊಟ್ಟಿ ತಿಂದ, 45 ಕಿಲೋ ತೂಕದ ಹುಡುಗನಿಗೆ ‘ಬರೇ ಒಂದ ಕ್ವಾರ್ಟರ್’ ಅಂದರೆ ಏನೆಂದು ನೀವೇ ಲೆಕ್ಕ ಹಾಕಿರಿ. ಇಷ್ಟು ಕುಡಿದರೆ ಏನೂ ಆಗುವುದಿಲ್ಲ ಎನ್ನುವ ಅಳತೆಯೇ ಇಲ್ಲ ಎಂದು ಅದೇ ಸಂಸ್ಥೆ 2023ರ ಜನವರಿಯಲ್ಲಿ ಸಾರಿ ಹೇಳಿದೆ.

‘ನನಗ ಎಷ್ಟ ಕುಡಿದ್ರೂ ಏರಂಗಿಲ್ಲ’ ಎನ್ನುವವನು ಇನ್ನೂ ಎಚ್ಚರದಿಂದಿರಬೇಕು. ಎಳೆಯ ಪ್ರಾಣಿಗಳ ಮೇಲೆ ಮಾಡಿದ ಪ್ರಯೋಗಗಳಲ್ಲಿ ಒಂದು ವಿಚಿತ್ರ ಕಂಡಿದೆ. ಬಲಿತವುಗಳಿಗೆ ನಿದ್ದೆ ಬರಿಸುವ, ಕಾಲು ತೊಡರಿಸುವ ಅಳತೆಗೆ ಎಳೆಯವು ಅಷ್ಟು ಬೇಗ ಉರುಳುವುದಿಲ್ಲ. ಆದರೆ ಕಲಿಯುವ ಶಕ್ತಿಗೆ ಬೀಳುವ ಪೆಟ್ಟು ಅವಕ್ಕೇ ಹೆಚ್ಚು. ಉರುಳದೇ ನಿಂತವನು ಇನ್ನಷ್ಟು ಕುಡಿಯುತ್ತಾನೆ. ಹೊರಗೆ ಗಟ್ಟಿಗ, ಒಳಗೆ ಗೆದ್ದಲು. ಕುಡಿದ ರಾತ್ರಿಯ ನಿದ್ದೆಯೂ ನಿದ್ದೆಯಲ್ಲ. ಹಗಲು ಓದಿದ್ದು ತಲೆಯಲ್ಲಿ ನೆಲೆಗೊಳ್ಳುವುದು ರಾತ್ರಿಯ ನಿದ್ದೆಯಲ್ಲಿ, ಹೆಂಡ ಆ ನಿದ್ದೆಯನ್ನೇ ಕದಡುತ್ತದೆ. ಶನಿವಾರ ಕುಡಿದವನು ಸೋಮವಾರದ ಕ್ಲಾಸನ್ನೂ ಕಳೆದುಕೊಂಡಿರುತ್ತಾನೆ.

ಇನ್ನೊಂದು ಅಂಕಿ ನೆನಪಿಡಿ. 1997ರಲ್ಲಿ ಅಮೆರಿಕದ ದೊಡ್ಡ ಸಮೀಕ್ಷೆಯೊಂದು ಪ್ರಕಟವಾಯಿತು. 14 ವರ್ಷಕ್ಕೋ ಅದಕ್ಕೂ ಮೊದಲೋ ಕುಡಿಯಲು ಶುರು ಮಾಡಿದವರಲ್ಲಿ 100ಕ್ಕೆ 40ಕ್ಕಿಂತ ಹೆಚ್ಚು ಮಂದಿ ಜೀವನದಲ್ಲಿ ಒಂದಲ್ಲ ಒಂದು ಹೊತ್ತು ಕುಡಿತದ ದಾಸರಾದರು. 20 ದಾಟಿದ ಮೇಲೆ ಶುರು ಮಾಡಿದವರಲ್ಲಿ 100ಕ್ಕೆ ಸುಮಾರು 10. ಬೇಗ ಶುರು ಮಾಡುವವರ ಮನೆ, ಬಡತನ, ರಕ್ತ ಇವೆಲ್ಲ ಇದರಲ್ಲಿ ಸೇರಿರಬಹುದು. ಆದರೂ ಆರು ವರ್ಷ ತಡೆದವನ ಕಾಲಿಗೆ ಸಂಕೋಲೆ ಬೀಳುವ ಸಂಭವ ಇಷ್ಟು ಕಡಿಮೆ ಎಂಬುದನ್ನು ಯಾವ ಹುಡುಗ ಬೇಡ ಎನ್ನುತ್ತಾನೆ? ನಾವು ಕೇಳುತ್ತಿರುವುದು ಆ ಆರು ವರ್ಷವನ್ನೇ. ನೀವು ಹಾಸ್ಟೆಲಿನಲ್ಲಿ ಇರುವುದೂ ಅದೇ ಆರು ವರ್ಷ!

ಇಲ್ಲಿ ಯಾರಾದರೂ ಎದ್ದು ಕೇಳಬಹುದು: ‘ಕುಡಿಯೋರು ನಾವಷ್ಟ ಏನ್ರಿ? ಗೌಡರ ಮಕ್ಕಳು ಕುಡಿಯಂಗಿಲ್ಲೇನು?’ ಕುಡಿಯುತ್ತಾರೆ. 2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಕುಡಿಯುವವರು ಸುಮಾರು 16 ಕೋಟಿ. ಇಷ್ಟೂ ಜನ ನಮ್ಮ ಕೇರಿಯವರೇ? ‘ಕುಡುಕ ಜಾತಿ’ ಎಂಬ ಬೈಗುಳವನ್ನು ನಾವು ಹೊರುವುದಿಲ್ಲ, ಅದನ್ನು ಹೇರಿದವರ ಅಂಗಳಕ್ಕೇ ಎಸೆಯುತ್ತೇವೆ. ಆದರೆ ಗೌಡರ ಮಗ ಪಿ.ಯು. ಫೇಲಾದರೆ ಅವನ ಹಿಂದೆ ಇಪ್ಪತ್ತು ಎಕರೆ ಹೊಲ ಇದೆ, ಅಡಿಕೆ ತೋಟ ಇದೆ, ಮಾವನ ಅಂಗಡಿ ಇದೆ. ದುಡ್ಡು ಕೊಟ್ಟು ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಇನ್ನೊಂದು ಸೀಟು ಸಿಗುತ್ತದೆ. ನಮ್ಮ ಹುಡುಗನ ಹಿಂದೆ ಏನಿದೆ? ಅವ್ವನ ಕೂಲಿ ಮತ್ತು ಗೋವಾದ ಬಸ್ಸು. ಒಂದೇ ಬಾಟ್ಲಿ ಇಬ್ಬರ ಕೈಯಲ್ಲಿದ್ದರೂ ಬೀಳುವ ತಗ್ಗು ಒಂದೇ ಆಳದ್ದಲ್ಲ.

‘ಉಳುವವನೇ ಹೊಲದೊಡೆಯ’ ಎಂದು 1974ರಲ್ಲಿ ಭೂಸುಧಾರಣೆ ಬಂತು. ಗೇಣಿ ಮಾಡುತ್ತಿದ್ದವರಿಗೆ ಹೊಲ ಸಿಕ್ಕಿತು. ಗೇಣಿಗೂ ಹೊಲ ಸಿಗದೆ ಕೂಲಿ ಮಾಡುತ್ತಿದ್ದ ನಮ್ಮ ಬಹುಪಾಲು ಮಂದಿಗೆ ಏನು ಸಿಕ್ಕಿತು? ಅದಕ್ಕೇ ಹೇಳುತ್ತೇವೆ: ತಲೆಯೊಂದೇ ನಮ್ಮ ಹೊಲ. ಅದಕ್ಕೆ ಪಟ್ಟಾ ಬೇಡ, ತಲಾಠಿ ಬೇಡ, ಯಾವ ಕೋರ್ಟಿನಲ್ಲೂ ಯಾರೂ ಅದನ್ನು ಕಸಿಯಲಾರರು. ಕಸಿಯುವ ದಾರಿ ಒಂದೇ ಇದೆ: ಬಿತ್ತನೆಯ ಕಾಲದಲ್ಲಿ ಅದರ ಮೇಲೆ ಹೆಂಡ ಹೊಯ್ಯುವುದು.

ನಮ್ಮವರಿಗೆ ಕುಡಿಸುವುದು ಹೊಸದಲ್ಲ ಎಂಬುದನ್ನೂ ತಿಳಿಯಬೇಕು. ಜಾತ್ರೆಯಲ್ಲಿ ಹಲಗಿ ಬಡಿಯುವವನಿಗೆ ಕುಡಿಸಿದರು. ಕೈ ನೋವು ತಿಳಿಯಬಾರದು. ಸತ್ತ ದನ ಎಳೆಯುವವನಿಗೆ ಕುಡಿಸಿದರು, ವಾಸನೆ ತಿಳಿಯಬಾರದು. ಕೂಲಿಯಲ್ಲಿ ಒಂದಿಷ್ಟು ರೊಕ್ಕ, ಒಂದಿಷ್ಟು ಸಾರಾಯಿ ಕೊಟ್ಟರು. ಉಳಿದ ಕೂಲಿ ಕೇಳುವ ನೆನಪು ಬರಬಾರದು. ಸವಣೂರನ್ನು ಮರೆಯಬೇಡಿ. 2010ರ ಜುಲೈಯಲ್ಲಿ ಅಲ್ಲಿನ ಮಲ ಹೊರುವ ಕುಟುಂಬಗಳ ನಮ್ಮ ಬಂಧುಗಳು, ತಮ್ಮನ್ನು ಒಕ್ಕಲೆಬ್ಬಿಸುತ್ತಾರೆಂದು, ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡು ಈ ನಾಡಿನ ಮುಖಕ್ಕೆ ಕನ್ನಡಿ ಹಿಡಿದರು. ಮಲ ಹೊರಿಸುವುದನ್ನು ಕಾನೂನು 1993ರಲ್ಲೇ ನಿಷೇಧಿಸಿತ್ತು, 2013ರಲ್ಲಿ ಮತ್ತೊಮ್ಮೆ ನಿಷೇಧಿಸಿತು. ಆ ಗುಂಡಿಗೆ ಇಳಿದವರನ್ನು ದೇಶದ ಯಾವ ಮೂಲೆಯಲ್ಲಿ ಕೇಳಿದರೂ ಒಂದೇ ಉತ್ತರ ಬರುತ್ತದೆ: ‘ಕುಡೀದ ಇಳಿಯಾಕ ಆಗಂಗಿಲ್ಲ.’ ಅಪ್ಪಂದಿರು ಕುಡಿದದ್ದು ಮೂಗು ಸಾಯಿಸಿಕೊಳ್ಳಲು. ಮಕ್ಕಳು ಯಾವುದನ್ನು ಸಾಯಿಸಿಕೊಳ್ಳಲು ಕುಡಿಯಬೇಕು? ನಮ್ಮ ಮೂಗು, ನಮ್ಮ ಸಿಟ್ಟು, ನಮ್ಮ ನೆನಪು ಜೀವಂತ ಇರಬೇಕಾದ ಕಾಲ ಇದು.

‘ಅವಮಾನ ಮರಿಯಾಕ ಕುಡಿತೀವಿ’ ಎಂಬ ಮಾತೂ ನಮಗೆ ಗೊತ್ತು. ಚಹಾದ ಅಂಗಡಿಯಲ್ಲಿ ಬೇರೆ ಲೋಟ ಇಟ್ಟಾಗ, ಕ್ಲಾಸಿನಲ್ಲಿ ಸ್ಕಾಲರ್‌ಶಿಪ್ಪಿನ ಹೆಸರು ಕೂಗಿ ಎಲ್ಲರ ಮುಂದೆ ನಿಲ್ಲಿಸಿದಾಗ, ಹೊಟ್ಟೆಯಲ್ಲಿ ಬೆಂಕಿ ಬೀಳುತ್ತದೆ. ಆದರೆ ಆ ಬೆಂಕಿ ನಮ್ಮ ಆಸ್ತಿ. ಅಂಬೇಡ್ಕರರು ಬರೋಡಾದಲ್ಲಿ ಇರಲು ಮನೆ ಸಿಗದೆ ಮರದ ಕೆಳಗೆ ಕುಂತು ಅತ್ತರು. ಆ ಅಳುವನ್ನು ಅವರು ಬಾಟ್ಲಿಗೆ ಹೊಯ್ಯಲಿಲ್ಲ, ಬರವಣಿಗೆಗೆ ಹೊಯ್ದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರಿಗೆ ಕೊಟ್ಟ 22 ಪ್ರತಿಜ್ಞೆಗಳಲ್ಲಿ ಮದ್ಯ ಮುಟ್ಟುವುದಿಲ್ಲ ಎಂಬುದೂ ಒಂದು. ಮೈಲಿಗೆಯ ಅಂಜಿಕೆಯಿಂದ ಹಾಗೆ ಮಾಡಿದ್ದಲ್ಲ. ನೆಟ್ಟಗೆ ಯೋಚಿಸುವ ತಲೆ ಇಲ್ಲದೆ ಬಿಡುಗಡೆ ಇಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಸರ್ಕಾರದ ಮಾತಿಗೆ ಬರೋಣ. ಸಂವಿಧಾನ ತೆಗೆದು ನೋಡಿ. 46ನೇ ವಿಧಿ: ಪರಿಶಿಷ್ಟರ ವಿದ್ಯೆಯನ್ನು ರಾಜ್ಯವು ವಿಶೇಷ ಕಾಳಜಿಯಿಂದ ಬೆಳೆಸಬೇಕು. ಅದರ ಬೆನ್ನಿಗೇ 47ನೇ ವಿಧಿ: ಅಮಲಿನ ಪಾನೀಯಗಳ ನಿಷೇಧಕ್ಕೆ ರಾಜ್ಯ ಪ್ರಯತ್ನಿಸಬೇಕು. ಎರಡೂ ಒಂದರ ಪಕ್ಕ ಒಂದು, ಅಣ್ಣ ತಮ್ಮಂದಿರ ಹಾಗೆ ನಿಂತಿವೆ. ಸರ್ಕಾರ ಏನು ಮಾಡಿತು? 2007ರ ಜುಲೈ 1ರಿಂದ ಸಾರಾಯಿ ನಿಷೇಧಿಸಿತು. ಪಾಕೀಟಿನ ಸಾರಾಯಿ ಹೋಯಿತು, ಅದರ ಜಾಗಕ್ಕೆ ಅಗ್ಗದ ವಿಸ್ಕಿ, ಬ್ರ್ಯಾಂಡಿ ಬಂದು ಕುಂತಿತು. 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಬರಬೇಕೆಂದು ಗುರಿ ಇಟ್ಟರು. ನಮಗೆ ಸ್ಕಾಲರ್‌ಶಿಪ್ ಕೊಡುವ ಕೈ, ನಮ್ಮ ಅಪ್ಪನ ಕಿಸೆಯಿಂದ ಅದನ್ನು ವಾಪಸ್ಸು ತೆಗೆದುಕೊಳ್ಳುವ ಕೈ, ಎರಡೂ ಒಂದೇ ಮೈಯವು. 2019ರ ಜನವರಿಯಲ್ಲಿ ಸಾವಿರಾರು ಬಡ ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿನ ತನಕ ನಡೆದುಕೊಂಡು ಹೋಗಿ ಮದ್ಯ ನಿಲ್ಲಿಸಿರಿ ಎಂದು ಕೇಳಿದರು. ಕಾಲಿನ ಬೊಬ್ಬೆಯಷ್ಟೇ ಅವರಿಗೆ ಸಿಕ್ಕಿದ್ದು.

ಕಾನೂನು ಇಲ್ಲವೆಂದಲ್ಲ. ಕರ್ನಾಟಕದ ಅಬಕಾರಿ ಕಾಯ್ದೆ 18 ಆಗದವರಿಗೆ ಮಾರಬಾರದೆನ್ನುತ್ತದೆ, 1967ರ ನಿಯಮಗಳು 21 ಎನ್ನುತ್ತವೆ. 2023ರ ಜನವರಿಯಲ್ಲಿ 21ನ್ನು 18ಕ್ಕೆ ಇಳಿಸುವ ಕರಡು ತಂದರು. ಜನ ಎದ್ದು ನಿಂತಾಗ ಹಿಂದಕ್ಕೆ ತೆಗೆದುಕೊಂಡರು. 18 ಆಗದ ಮಗುವಿಗೆ ಮದ್ಯ ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನ ಪ್ರಕಾರ 7 ವರ್ಷದ ತನಕ ಕಠಿಣ ಸಜೆ, 1 ಲಕ್ಷದ ತನಕ ದಂಡ. ಶಾಲೆ, ಆಸ್ಪತ್ರೆ, ಗುಡಿಗಳಿಂದ 100 ಮೀಟರಿನ ಒಳಗೆ, ಪರಿಶಿಷ್ಟರೇ ಹೆಚ್ಚಾಗಿರುವ ವಸತಿಯಲ್ಲಿ ಅಂಗಡಿ ಇಡಬಾರದೆಂದು ಅಬಕಾರಿ ನಿಯಮವೇ ಇದೆ. ಇನ್ನು ಚುನಾವಣೆ. ಮತದಾನ ಮುಗಿಯುವ ಹೊತ್ತಿಗೆ ಹಿಂದಿನ 48 ತಾಸು ಮದ್ಯ ಮಾರಬಾರದೆಂದು 1951ರ ಪ್ರಜಾಪ್ರತಿನಿಧಿ ಕಾಯ್ದೆಯಲ್ಲಿದೆ. ಹಾನಗಲ್ಲಿನವರು 2021ರಲ್ಲಿ, ಶಿಗ್ಗಾಂವಿಯವರು 2024ರಲ್ಲಿ ಉಪಚುನಾವಣೆ ಕಂಡಿದ್ದೀರಿ, ಅಂಗಡಿಗಳ ಬಾಗಿಲು ಹಾಕಿದ್ದನ್ನು ನೋಡಿದ್ದೀರಿ. ಒಂದು ಬಟನ್ ಒತ್ತುವುದಕ್ಕೆ 48 ತಾಸು ಅಮಲಿಲ್ಲದ ತಲೆ ಬೇಕು ಎಂದು ಕಾನೂನೇ ಒಪ್ಪುತ್ತದೆ. ಹಾಗಿದ್ದರೆ ಐದಾರು ವರ್ಷ ಓದಿ ಪರೀಕ್ಷೆ ಬರೆಯುವ ತಲೆಗೆ ಎಷ್ಟು ತಾಸು ಬೇಕು?

ಹಾಸ್ಟೆಲು ಎಂದರೆ ಏನೆಂಬುದನ್ನೂ ನೆನೆಯೋಣ. ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರು ಸೀಮೆ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯಲ್ಲಿದ್ದ ಕಾಲ, ಸವಣೂರು ನವಾಬರ ಸಂಸ್ಥಾನವಾಗಿದ್ದ ಕಾಲ. 1920ರ ದಶಕದ ಕೊನೆಗೆ ಅಂಬೇಡ್ಕರರ ಪ್ರಯತ್ನದಿಂದ ಧಾರವಾಡದಲ್ಲಿ ನಮ್ಮ ಮಕ್ಕಳಿಗಾಗಿ ಹಾಸ್ಟೆಲು ಶುರುವಾಯಿತು. ಬಳವಂತರಾವ್ ವರಾಳೆ ಅದನ್ನು ನಡೆಸಿದರು. ರಮಾಬಾಯಿಯವರು ಅಲ್ಲಿ ಬಂದು ಇದ್ದಾಗ ಮಕ್ಕಳಿಗೆ ಅನ್ನಕ್ಕೆ ತತ್ವಾರವಾಗಿ, ತಮ್ಮ ಕೈಬಳೆ ಬಿಚ್ಚಿಕೊಟ್ಟು ಕಾಳುಕಡಿ ತರಿಸಿದರೆಂದು ಹಿರಿಯರು ಇಂದಿಗೂ ಹೇಳುತ್ತಾರೆ. ಎಂಬತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಊರೂರಿನಲ್ಲಿ ಕೂಗಿದ್ದು ‘ಹೆಂಡ ಬೇಡ, ವಸತಿ ಶಾಲೆ ಬೇಕು’ ಎಂದು. ನೀವು ಉಣ್ಣುವ ಗಂಗಾಳದಲ್ಲಿ ಆ ಬಳೆ ಇದೆ, ಆ ಕೂಗು ಇದೆ. ವಸತಿ ಶಾಲೆ ಬಂತು. ಅದರ ಕಿಟಕಿಯಿಂದ ಹೆಂಡ ಒಳಗೆ ಬಂದರೆ ಆ ಕೂಗಿಗೆ ಏನು ಬೆಲೆ?

ಆದ್ದರಿಂದ ನಾವು ಹೇಳುವುದಿಷ್ಟು.

ಒಂದು, ಹಾಸ್ಟೆಲಿನಲ್ಲಿ ಕುಡಿದು ಸಿಕ್ಕ ಹುಡುಗನನ್ನು ಬೀದಿಗೆ ಹಾಕಬಾರದು. ಜ್ವರ ಬಂದವನನ್ನು ಹೊರಗೆ ಹಾಕುತ್ತಾರೇನು? ಧಾರವಾಡದ ಡಿಮ್ಹಾನ್ಸ್ ಇದೆ, ಜಿಲ್ಲಾ ಆಸ್ಪತ್ರೆ ಇದೆ, 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿಯವರು ಪುಕ್ಕಟೆ ಮಾತಾಡುತ್ತಾರೆ. ಮೊದಲು ಚಿಕಿತ್ಸೆ, ಆಮೇಲೆ ಶಿಸ್ತು.

ಎರಡು, ವಾರ್ಡನ್ನರು ಸಂಜೆ ಆರಕ್ಕೆ ಹಾಜರಿ ಹಿಡಿದು ಮನೆಗೆ ಹೋದರೆ ಮುಗಿಯಲಿಲ್ಲ. ಸಂಜೆ ಆರರಿಂದ ಹತ್ತರವರೆಗೆ ಹುಡುಗರಿಗೆ ಏನಿದೆ? ವಾಚನಾಲಯಕ್ಕೆ ಬೀಗ, ಆಟದ ಸಾಮಾನಿಗೆ ಬೀಗ, ತೆರೆದಿರುವುದು ಬಾರು ಒಂದೇ. ಆ ಎರಡು ಬೀಗ ತೆಗೆಯಿರಿ, ಮೂರನೆಯ ಬಾಗಿಲು ತಾನೇ ದೂರಾಗುತ್ತದೆ. ಇದಕ್ಕೆ ಮನವಿ ಬರೆಯೋಣ, ಕೊಡದಿದ್ದರೆ ಕುಂದ್ರೋಣ.

ಮೂರು, ನಿಮ್ಮ ಹಾಸ್ಟೆಲು, ಶಾಲೆ, ಕೇರಿಯಿಂದ ಅಂಗಡಿ ಎಷ್ಟು ದೂರ ಇದೆಯೆಂದು ಟೇಪು ಹಿಡಿದು ಅಳೆಯಿರಿ. ಕಿರಾಣಿ ಅಂಗಡಿ, ಪಾನ್ ಅಂಗಡಿಯಲ್ಲಿ ಕದ್ದು ಮಾರುವುದನ್ನು ದಿನ, ಹೊತ್ತು ಹಾಕಿ ಬರೆದಿಡಿ. ಒಬ್ಬೊಬ್ಬರೇ ಜಗಳಕ್ಕೆ ಹೋಗಬೇಡಿ. ಇಪ್ಪತ್ತು ಜನ ಸಹಿ ಮಾಡಿ ಅಬಕಾರಿ ಕಚೇರಿಗೆ ಕೊಟ್ಟು ಸ್ವೀಕೃತಿ ತಗೊಳ್ಳಿ.

ನಾಲ್ಕು, ಹೋರಿ ಹಬ್ಬ, ಹೋಳಿ, ಜಾತ್ರೆ, ಅಷ್ಟೇ ಯಾಕೆ, ನಮ್ಮ ಅಂಬೇಡ್ಕರ್ ಜಯಂತಿಯ ಮೆರವಣಿಗೆಯಲ್ಲೂ ಸಣ್ಣ ಹುಡುಗರ ಕೈಗೆ ಗ್ಲಾಸು ಕೊಡುವ ಅಣ್ಣಂದಿರನ್ನು ಅಲ್ಲೇ ತಡೆಯಿರಿ. ‘ಅಣ್ಣಾ, ಅವನಿನ್ನೂ ಓದಬೇಕು’ ಅನ್ನಿರಿ. ಮೊದಲನೆಯ ಗ್ಲಾಸು ಅಂಗಡಿಯವನು ಕೊಡುವುದಿಲ್ಲ, ನಮ್ಮವರೇ ಕೊಡುತ್ತಾರೆ.

ಐದು, ಗೆಳೆಯನೊಬ್ಬ ಕುಡಿದು ಪ್ರಜ್ಞೆ ತಪ್ಪಿದರೆ ‘ಮಲಗಲಿ ಬಿಡು’ ಅನ್ನಬೇಡಿ. ಮಗ್ಗುಲಾಗಿ ಮಲಗಿಸಿ, ವಾಂತಿ ಗಂಟಲಿಗೆ ಸಿಕ್ಕದಂತೆ. ಒಬ್ಬನನ್ನೇ ಬಿಟ್ಟು ಹೋಗಬೇಡಿ. ಬಲವಂತವಾಗಿ ವಾಂತಿ ಮಾಡಿಸಬೇಡಿ, ತಣ್ಣೀರು ಸುರಿಯಬೇಡಿ. ಉಸಿರು ನಿಧಾನವಾದರೆ, ಎಬ್ಬಿಸಿದರೂ ಏಳದಿದ್ದರೆ, ಮೈ ತಣ್ಣಗಾದರೆ ತಕ್ಷಣ 108ಕ್ಕೆ ಫೋನ್ ಮಾಡಿ. ವಾರ್ಡನ್ನಿನ ಅಂಜಿಕೆಗೆ ಜೀವ ಕಳೆಯಬೇಡಿ. ಮನೆಯಲ್ಲಿ ಬಹುಕಾಲದಿಂದ ದಿನಾ ಕುಡಿಯುವ ಅಪ್ಪ, ಕಾಕಾ ಇದ್ದರೆ ಒಮ್ಮೆಲೇ ಬಿಡಿಸಬೇಡಿ. ಹಾಗೆ ಬಿಟ್ಟಾಗ ಫಿಟ್ಸ್ ಬಂದು ಜೀವಕ್ಕೇ ಅಪಾಯವಾಗಬಹುದು, ಡಾಕ್ಟರರ ಹತ್ತಿರ ಕರೆದೊಯ್ದು ಬಿಡಿಸಿ.

ಈಗಾಗಲೇ ಕುಡಿಯುತ್ತಿರುವ ತಮ್ಮ ಇದನ್ನು ಓದಿ ‘ನನ್ನ ತಲಿ ಮುಗೀತು’ ಅಂದುಕೊಳ್ಳಬಾರದು. ಬೆಳೆಯುವ ಮಿದುಳಿಗೆ ಪೆಟ್ಟು ಬೇಗ ತಾಗುವಂತೆಯೇ ಚೇತರಿಸಿಕೊಳ್ಳುವ ಕಸುವೂ ಇದೆ. ಕುಡಿತ ಬಿಟ್ಟ ಹುಡುಗರಲ್ಲಿ ಕೆಲವು ವಾರಗಳಲ್ಲೇ ಗಮನ, ನೆನಪು ಸುಧಾರಿಸಿದ್ದನ್ನು ನೋಡಿದ್ದಾರೆ. ಎಲ್ಲವೂ ಮೊದಲಿನಂತಾಗುತ್ತದೆಂದು ನಾವು ಸುಳ್ಳು ಹೇಳುವುದಿಲ್ಲ. ಆದರೆ ಒಂದು ಮಳೆ ತಪ್ಪಿತೆಂದು ಯಾವ ರೈತನೂ ಹೊಲ ಬೀಳು ಬಿಡುವುದಿಲ್ಲ. ಹಿಂಗಾರಿ ಇನ್ನೂ ಇದೆ.

ಗೋವಾಕ್ಕೆ ಹೋದ ನಮ್ಮ ಗೆಳೆಯನಿಗೆ ಈ ಪತ್ರಿಕೆಯ ಒಂದು ಪ್ರತಿ ಕಳಿಸುತ್ತಿದ್ದೇವೆ. ಎರಡನೇ ಪಿ.ಯು. ಪರೀಕ್ಷೆಗೆ ಮತ್ತೆ ಕಟ್ಟಬಹುದು. ಫೀಸನ್ನು ನಾವು ಕೂಡಿಸುತ್ತೇವೆ. ಆವತ್ತು ಬಸ್‌ಸ್ಟ್ಯಾಂಡಿಗೆ ಬರಲಿಲ್ಲ ನಾವು. ನೀ ಬರೂ ದಿವಸ ತಿಳಿಸು, ಎಲ್ಲರೂ ಬಂದು ನಿಂತಿರ್ತೀವಿ.

ಜೈ ಭೀಮ್.